ಕಂಕನಾಡಿಯ ಗೋಡೆಯೊಳಗಿನ ಮೌನ

ಮಂಗಳೂರಿನಲ್ಲಿ ನಮ್ಮವರ ಭಕ್ತಿಗೆ ದನಿ ಜೋರು. ಇಗರ್ಜಿಯ ಗಂಟೆ, ಕೊಂಕಣಿ ಗಾಯನ ಮಂಡಳಿ, ಮೇರಿ ಮಾತೆಯ ಹುಟ್ಟುಹಬ್ಬವಾದ ಮೊಂತಿ ಫೆಸ್ತಿಗೆ ಹೂ ಹಿಡಿದು ನಿಂತ ಮಕ್ಕಳ ಹಾಡು, ಇಗರ್ಜಿಯ ವಾರ್ಷಿಕ ಹಬ್ಬ ಸಾಂತ್‌ಮಾರಿಗೆ ಬ್ಯಾಂಡು. ಇದರ ನಡುವೆಯೇ ಬೆಳೆದವಳು ನಾನು, ಇದೆಲ್ಲ ನನಗೆ ಪ್ರೀತಿಯದೇ. ಆದರೆ ಇದೇ ಊರಿನಲ್ಲಿ 1870ರಿಂದ ಒಂದು ಮನೆ ಮೌನವನ್ನೇ ಕಸುಬು ಮಾಡಿಕೊಂಡು ಬಂದಿದೆ. ಕಂಕನಾಡಿಯ ಕ್ಲೋಯಿಸ್ಟರ್ಡ್ ಕಾರ್ಮೆಲ್ ಮಠ ಅದು, ಗೋಡೆ ದಾಟಿ ಹೊರಬಾರದ ಸಿಸ್ಟರುಗಳ ಮನೆ. ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದಾಗ ಬಾಸೆಲ್ ಮಿಶನ್, ಹಂಚಿನ ಕಾರ್ಖಾನೆ, ಮುದ್ರಣಾಲಯ ಎಲ್ಲವನ್ನೂ ಮಕ್ಕಳಿಗೆ ಹೇಳಿದೆ. ಈ ಮಠದ ಬಗ್ಗೆ ಹೇಳಲು ಪಠ್ಯದಲ್ಲಿ ಒಂದು ಸಾಲೂ ಇರಲಿಲ್ಲ. ಸದ್ದು ಮಾಡಿದವರಿಗಷ್ಟೇ ಇತಿಹಾಸದಲ್ಲಿ ಜಾಗ ಸಿಗುತ್ತದೆ ಎಂಬ ಸಂಕಟ ಆಗಿನಿಂದಲೂ ನನಗಿದೆ.

ಆ ಮೌನ ನಮಗೆ ಅಗ್ಗಕ್ಕೆ ಬಂದದ್ದಲ್ಲ. ಫ್ರಾನ್ಸಿನವರೇ ಆದ, ಕಾರ್ಮೆಲ್ ಸಭೆಗೆ ಸೇರಿದ ಬಿಷಪ್ ಮರಿ ಎಫ್ರೇಮ್ ಅವರಿಗೆ ಮಂಗಳೂರಿನಲ್ಲಿ ಇಂಥ ಮಠವೊಂದು ಬೇಕೆನಿಸಿತು. ಫ್ರಾನ್ಸಿನ ಪೋ ಪಟ್ಟಣದ ಕಾರ್ಮೆಲ್ ಮಠದಿಂದ ಸಿಸ್ಟರುಗಳು 1870ರ ಆಗಸ್ಟಿನಲ್ಲಿ ಹಡಗು ಹತ್ತಿದರು. ಆಗ ಸುಯೆಜ್ ಕಾಲುವೆ ತೆರೆದು ವರ್ಷ ತುಂಬಿರಲಿಲ್ಲ. ಬಿಸಿಲು, ಕಾಯಿಲೆಗಳಿಂದ ಬಳಲಿ ಮೂವರು ದಾರಿಯಲ್ಲೇ ತೀರಿಕೊಂಡರು. ಉಳಿದವರು ಆ ನವೆಂಬರಿನಲ್ಲಿ ಮಂಗಳೂರು ಮುಟ್ಟಿದರು.

ಅದೇ ತಂಡದಲ್ಲಿ ಅಪೊಸ್ತಲಿಕ್ ಕಾರ್ಮೆಲಿನ ಸಿಸ್ಟರುಗಳೂ ಇದ್ದರು. 1868ರಲ್ಲಿ ಮದರ್ ವೆರೋನಿಕಾ ಹುಟ್ಟುಹಾಕಿದ ಸಭೆ ಅದು, ಹೆಣ್ಣುಮಕ್ಕಳಿಗೆ ಪಾಠ ಹೇಳುವುದು ಅವರ ಕೆಲಸ. ಸಂತ ಆ್ಯನ್ಸ್ ಶಾಲೆ, 1921ರಲ್ಲಿ ಸಂತ ಆ್ಯಗ್ನೆಸ್ ಕಾಲೇಜು, ಹೀಗೆ ಆ ಕೊಂಬೆ ಬೆಳೆದ ಕಥೆ ಊರಿಗೆಲ್ಲ ಗೊತ್ತು. ಒಬ್ಬರು ತರಗತಿಯಲ್ಲಿ ದಿನವಿಡೀ ಮಾತಾಡಬೇಕು, ಇನ್ನೊಬ್ಬರು ಗೋಡೆಯೊಳಗೆ ಬಾಯಿ ಮುಚ್ಚಿ ಪ್ರಾರ್ಥಿಸಬೇಕು. ಎರಡನ್ನೂ ಒಟ್ಟಿಗೆ ತಂದವರ ದೂರದೃಷ್ಟಿ ದೊಡ್ಡದು. ಬರೀ ಶಾಲೆಯಷ್ಟೇ ಸಾಲದು ಎಂದು ಅವರಿಗೆ ತಿಳಿದಿತ್ತು.

ಮಠದೊಳಗಿನ ದಿನಚರಿ ಹದಿಮೂರನೆಯ ಶತಮಾನದ ಸಂತ ಆಲ್ಬರ್ಟರ ನಿಯಮದಿಂದ ಬಂದದ್ದು. ರಾತ್ರಿಯ ಕೊನೆಯ ಪ್ರಾರ್ಥನೆ ಮುಗಿದ ಮೇಲೆ ಮರುದಿನ ಬೆಳಗಿನ ಪ್ರಾರ್ಥನೆಯವರೆಗೆ ಮಾತಿಲ್ಲ. ಹಗಲಲ್ಲೂ ಅಗತ್ಯ ಬಿದ್ದರಷ್ಟೇ ಮಾತು. 1562ರಲ್ಲಿ ಆವಿಲಾದಲ್ಲಿ ಈ ಸಭೆಯನ್ನು ಸುಧಾರಿಸಿದ ಸಂತ ತೆರೇಸಾ, ದಿನಕ್ಕೆ ಎರಡು ಗಂಟೆ ಮೌನಪ್ರಾರ್ಥನೆಗೆಂದೇ ತೆಗೆದಿಟ್ಟರು. ಬೆಳಿಗ್ಗೆ ಒಂದು, ಸಂಜೆ ಒಂದು. ಊಟವಾದ ಮೇಲೆ ಎಲ್ಲರೂ ಕೂತು ನಕ್ಕು ಮಾತಾಡಲೇಬೇಕೆಂದೂ ಕಟ್ಟು ಮಾಡಿದರು. ಮುಖ ಗಂಟಿಕ್ಕಿದ ಮೌನ ಆಕೆಗೆ ಹಿಡಿಸುತ್ತಿರಲಿಲ್ಲ. ಈ ಸಂಗತಿ ನನಗೆ ಬಹಳ ಮೆಚ್ಚುಗೆ.

ಅಪ್ಪನ ಆಪರೇಷನಿನ ಹಿಂದಿನ ದಿನ ಅಮ್ಮ ನನ್ನನ್ನು ಕಂಕನಾಡಿಯ ಈ ಮಠಕ್ಕೆ ಕರೆದುಕೊಂಡು ಹೋಗಿದ್ದಳು. ಸಣ್ಣ ಕೋಣೆ, ಎದುರಿಗೆ ಸರಳು, ಸರಳಿನ ಹಿಂದೆ ಕಪ್ಪು ಪರದೆ. ಪಕ್ಕದ ಗೋಡೆಯಲ್ಲಿ ತಿರುಗುವ ಮರದ ಪೆಟ್ಟಿಗೆ. ಈ ಕಡೆ ಇಟ್ಟದ್ದು ತಿರುಗಿಸಿದರೆ ಆ ಕಡೆಗೆ ಹೋಗುತ್ತದೆ, ಇಟ್ಟವರ ಮುಖ ತೆಗೆದುಕೊಳ್ಳುವವರಿಗೆ ಕಾಣುವುದಿಲ್ಲ. ಅಮ್ಮ ಒಂದು ಚಿಪ್ಪು ಕದಳಿ ಬಾಳೆಹಣ್ಣು, ಒಂದು ಕಟ್ಟು ಮೇಣದ ಬತ್ತಿ, ಅಪ್ಪನ ಹೆಸರು ಬರೆದ ಚೀಟಿ ಇಟ್ಟಳು. ಪೆಟ್ಟಿಗೆ ಗರಗರ ತಿರುಗಿತು. ಒಳಗಿಂದ ಒಂದು ದನಿ ಕೊಂಕಣಿಯಲ್ಲಿ ಕೇಳಿತು:

“ಆಪರೇಷನ್ ಎಷ್ಟು ಗಂಟೆಗೆ, ಬಾಯೆ?”

“ಬೆಳಿಗ್ಗೆ ಎಂಟಕ್ಕೆ, ಮದರ್.”

“ಆ ಹೊತ್ತಿಗೆ ನಾವು ಪ್ರಾರ್ಥನೆಯಲ್ಲಿರುತ್ತೇವೆ. ನೀವು ಆಸ್ಪತ್ರೆಯಲ್ಲೇ ಇರಿ.”

ಅಷ್ಟೇ. ಸಮಾಧಾನದ ಮಾತು ಒಂದೂ ಇಲ್ಲ. ಅಮ್ಮ ಮಾತ್ರ ಅಂದು ರಾತ್ರಿ ಕಣ್ತುಂಬ ನಿದ್ದೆ ಮಾಡಿದಳು. ನಮಗಾಗಿ ಯಾರೋ ಗಡಿಯಾರ ನೋಡಿ ಮಂಡಿಯೂರುತ್ತಾರೆ ಎಂಬುದೇ ಅವಳಿಗೆ ಸಾಕಾಗಿತ್ತು.

ಈ ಮಠದ ಮೌನಕ್ಕೆ ಅತ್ಯಂತ ಕಷ್ಟದ ಪರೀಕ್ಷೆ ಎದುರಾದದ್ದು ಆರಂಭದಲ್ಲೇ. 1870ರಲ್ಲಿ ಬಂದವರಲ್ಲಿ ಮರಿಯಮ್ ಬವಾರ್ದಿ ಎಂಬ ಅರಬ್ ಯುವತಿಯಿದ್ದಳು. ಗಲಿಲಾಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ 1846ರಲ್ಲಿ ಹುಟ್ಟಿ, ಎಳೆತನದಲ್ಲೇ ಅನಾಥಳಾಗಿ, ಮನೆಗೆಲಸ ಮಾಡಿ ಬದುಕಿದವಳು; ಓದುಬರಹ ಅಷ್ಟಕ್ಕಷ್ಟೇ. 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ವ್ರತ ಸ್ವೀಕರಿಸಿದಳು. ಪ್ರಾರ್ಥನೆಯಲ್ಲಿ ಮೈಮರೆಯುತ್ತಿದ್ದ ಅವಳ ಅನುಭವಗಳನ್ನು ಹಿರಿಯರು ನಂಬಲಿಲ್ಲ, ಬಿಷಪ್ಪರೂ ನಂಬಲಿಲ್ಲ. 1872ರಲ್ಲಿ ಅವಳನ್ನು ಫ್ರಾನ್ಸಿಗೆ ವಾಪಸು ಕಳಿಸಿದರು. ಅಲ್ಲಿಂದ ಆಕೆ ಬೆತ್ಲೆಹೇಮಿಗೆ ಹೋಗಿ 1875ರಲ್ಲಿ ಹೊಸ ಮಠಕ್ಕೆ ಬುನಾದಿ ಹಾಕಿದಳು, 1878ರಲ್ಲಿ ಮೂವತ್ತೆರಡರ ಪ್ರಾಯದಲ್ಲಿ ತೀರಿಕೊಂಡಳು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಅವಳನ್ನು ಸಂತಳೆಂದು ಸಾರಿದರು. ನಮ್ಮ ಊರು ಆಕೆಯನ್ನು ಸರಿಯಾಗಿ ನಡೆಸಿಕೊಳ್ಳಲಿಲ್ಲ ಎಂದೇ ನನ್ನ ಅಭಿಪ್ರಾಯ. ಮಾತಿಗೆ ಮಾತು ಬೆಳೆಸದೆ, ಹೇಳಿದಲ್ಲಿಗೆ ಹೋಗಿ, ಕೈಗೆ ಸಿಕ್ಕ ಕೆಲಸ ಮಾಡಿದವಳ ಪಾಲಿಗೆ ಮೌನವೆಂದರೆ ನೆಮ್ಮದಿಯ ಹೊದಿಕೆಯಾಗಿರಲಿಲ್ಲ. ನಂಬದವರ ನಡುವೆ ನಂಬಿಕೆ ಉಳಿಸಿಕೊಳ್ಳುವ ದುಡಿಮೆಯಾಗಿತ್ತು.

ಗೋಡೆಯ ಹೊರಗಿನ ನಮಗೂ ಮೌನದ ರೂಢಿ ಇತ್ತು. ಮನೆಯಲ್ಲಿ ತೇರ್ಸ್ ಎಂಬ ಜಪಸರದ ಪ್ರಾರ್ಥನೆ ಮುಗಿದು, ಹಿರಿಯರಿಂದ ಬೆಸಾಂವ್, ಅಂದರೆ ಆಶೀರ್ವಾದ, ಪಡೆದ ಮೇಲೆ ಅಜ್ಜಿ ಚಾಪೆಯಿಂದ ಏಳುತ್ತಿರಲಿಲ್ಲ. ಚಿಮಣಿ ಸಣ್ಣಗೆ ಮಾಡಿ, ಜಪಸರ ಮಡಿಲಲ್ಲಿಟ್ಟು ಸುಮ್ಮನೆ ಕೂರುತ್ತಿದ್ದಳು. ಗುಡ್ ಫ್ರೈಡೇ ಬಂತೆಂದರೆ ಗಂಟೆಗೂ ಬಾಯಿಲ್ಲ, ಮರದ ಹಲಗೆ ಬಡಿದು ಜನರನ್ನು ಕರೆಯುತ್ತಿದ್ದರು. ಲ್ಯಾಟಿನ್ ಪೂಜೆಯ ಕಾಲದಲ್ಲಿ ಗುರುಗಳು ಮುಖ್ಯ ಪ್ರಾರ್ಥನೆಯನ್ನು ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. ಆಮೇಲೆ ಕೊಂಕಣಿ, ಕನ್ನಡ ಬಂತು. ಅದು ಬಂದದ್ದು ಒಳ್ಳೆಯದೇ ಆಯಿತು, ನನ್ನ ಅಜ್ಜಿಗೆ ದೇವರ ಮಾತು ಅರ್ಥವಾಯಿತು. ಅದರ ಬೆನ್ನಿಗೆ ಮೈಕೂ ಬಂತು, ಕೀಬೋರ್ಡೂ ಬಂತು, ಸುಮ್ಮನಿರುವ ಹೊತ್ತು ಮಾತ್ರ ಹೋಯಿತು. ವಿಚಿತ್ರವೆಂದರೆ, ತಾಯ್ನುಡಿಗೆ ಬಾಗಿಲು ತೆರೆದ ವ್ಯಾಟಿಕನ್ ಮಹಾಸಭೆಯ 1963ರ ಅದೇ ದಸ್ತಾವೇಜು, ಪೂಜೆಯ ನಡುವೆ ತಕ್ಕ ಹೊತ್ತಿನಲ್ಲಿ ಪವಿತ್ರ ಮೌನ ಪಾಲಿಸಬೇಕೆಂದೂ ಹೇಳಿತ್ತು. ಒಂದು ಮಾತನ್ನು ಪಾಲಿಸಿದೆವು, ಇನ್ನೊಂದನ್ನು ಮರೆತೆವು.

ಹಾಗಾಗಿ ನಮ್ಮ ಇಗರ್ಜಿಗಳ ಗುರುಗಳಲ್ಲಿ, ಗಾಯನ ಮಂಡಳಿಯವರಲ್ಲಿ ನನ್ನದೊಂದು ಬಿನ್ನಹ. ಪರಮಪ್ರಸಾದ ಹಂಚಿ ಮುಗಿದ ಮೇಲೆ ಎರಡನೆಯ ಹಾಡು ಬೇಡ. ಪ್ರಕಟಣೆಯ ಕಾಗದ ಕೈಗೆತ್ತಿಕೊಳ್ಳುವ ಮುಂಚೆ ಐದು ನಿಮಿಷ ಎಲ್ಲರೂ ಸುಮ್ಮನೆ ಕೂರೋಣ. ಪೂಜಾವಿಧಿಯಲ್ಲಿ ಅದಕ್ಕೆ ಅವಕಾಶವಿದೆ. ಹೊಸದಾಗಿ ಯಾರ ಅಪ್ಪಣೆಯೂ ಬೇಕಾಗಿಲ್ಲ.