ಸರಸ್ವತಿಯ ಭಂಡಾರ ಮತ್ತು ನನ್ನ ಬೀರು

ಮೆಟ್ರಿಯ ನಮ್ಮ ಮನೆಗೆ ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ಈಗ ಆತ ವಿಶ್ವವಿದ್ಯಾಲಯವೊಂದರಲ್ಲಿ ಅಧ್ಯಾಪಕ. ಅವರ ತರಗತಿಯ ಪ್ರೊಜೆಕ್ಟರ್ ಕಳವಾಗಿತ್ತಂತೆ. ಹೊಸದನ್ನು ಕಚೇರಿಯ ಬೀರುವಿನಲ್ಲಿಟ್ಟು ಬೀಗ ಜಡಿದಿದ್ದಾರೆ. “ಸರ್, ಈಗ ಅದು ಕಳ್ಳನಿಗೂ ಸಿಗುವುದಿಲ್ಲ, ನಮಗೂ ಸಿಗುವುದಿಲ್ಲ” ಎಂದು ನಕ್ಕ. ನನಗೆ ನಗು ಬರಲಿಲ್ಲ.

ವಿದ್ಯಾಸ್ಥಾನದ ಸೊತ್ತನ್ನು ಕಾಯುವ ಚಿಂತೆ ಇಂದಿನದಲ್ಲ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿ ನಾಗಾವಿ ಎಂಬ ಊರಿದೆ. ಕಲ್ಯಾಣ ಚಾಳುಕ್ಯರ ಕಾಲದಲ್ಲಿ ಅಲ್ಲೊಂದು ಘಟಿಕಾಸ್ಥಾನವಿತ್ತು. ಆ ಕಾಲದ ವಿಶ್ವವಿದ್ಯಾಲಯವೆಂದೇ ತಿಳಿಯಿರಿ. 1058ರ ಶಾಸನದ ಪ್ರಕಾರ ಅಲ್ಲಿ ಇನ್ನೂರಕ್ಕೂ ಮಿಕ್ಕಿ ವಿದ್ಯಾರ್ಥಿಗಳಿದ್ದರು. ವೇದ ಹೇಳಿಕೊಡಲು ಮೂವರು, ಶಾಸ್ತ್ರ ಹೇಳಿಕೊಡಲು ಮೂವರು ಉಪಾಧ್ಯಾಯರು. ಇವರಲ್ಲದೆ ‘ಸರಸ್ವತೀ ಭಂಡಾರಿಗ’ರು ಆರು ಮಂದಿ! ಪಾಠ ಹೇಳುವವರೆಷ್ಟೋ ಗ್ರಂಥ ನೋಡಿಕೊಳ್ಳುವವರೂ ಅಷ್ಟೇ. ಓಲೆಗರಿಯ ಒಂದು ಕಟ್ಟು ಕಳೆದುಹೋದರೆ ಕಂಠ ಹಿಡಿದು ಅಕ್ಷರಕ್ಷರವಾಗಿ ಮತ್ತೆ ಕೊರೆಯಬೇಕಾಗಿದ್ದ ಕಾಲವದು. ಆದರೂ ಭಂಡಾರವನ್ನು ಮನುಷ್ಯರ ವಶಕ್ಕೆ ಒಪ್ಪಿಸಿದ್ದರು ಎಂಬುದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಕೇಳಿದವನಿಗೆ ತೆಗೆದುಕೊಡಲೂ ಒಬ್ಬ ಬೇಕಲ್ಲವೆ?

ದೂರದ ಆಕ್ಸ್‌ಫರ್ಡಿನಲ್ಲಿ ಬೇರೆ ಉಪಾಯ. 1602ರಲ್ಲಿ ಬಾಡ್ಲಿಯನ್ ಗ್ರಂಥಾಲಯ ತೆರೆದಾಗ ದೊಡ್ಡ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಕಪಾಟಿಗೆ ಬಿಗಿದಿದ್ದರು. ಕೇಳಿದರೆ ಕ್ರೂರವೆನಿಸುತ್ತದೆ. ಆದರೆ ಸರಪಳಿಗೆ ಓದುವ ಮೇಜನ್ನು ತಲಪುವಷ್ಟು ಉದ್ದವಿರುತ್ತಿತ್ತು. ಪುಸ್ತಕ ಹೊರಗೆ ಹೋಗದು, ಓದಿಗೆ ಅಡ್ಡಿಯೂ ಇಲ್ಲ.

ಇನ್ನು ನನ್ನ ಕಥೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಮರುವರ್ಷ ಆಪರೇಷನ್ ಬ್ಲಾಕ್‌ಬೋರ್ಡ್ ಯೋಜನೆ ಆರಂಭವಾಯಿತು. ಪ್ರಾಥಮಿಕ ಶಾಲೆಗಳಿಗೆ ನಕ್ಷೆ, ಗ್ಲೋಬು, ವಿಜ್ಞಾನದ ಪೆಟ್ಟಿಗೆ ಬಂದವು. ದಾಸ್ತಾನು ಪುಸ್ತಕದಲ್ಲಿ ಬರೆದು ರುಜು ಹಾಕಿದವನು ನಾನು. ಏನಾದರೂ ಕಳೆದರೆ ನನ್ನ ಸಂಬಳದಿಂದಲೇ ಮುರಿದುಕೊಳ್ಳುತ್ತಾರೆಂಬ ಭಯ. ಎಲ್ಲವನ್ನೂ ಬೀರುವಿಗೆ ಸೇರಿಸಿ ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಮಕ್ಕಳಿಗೆ ಹಗಲು ರಾತ್ರಿಯ ಪಾಠವನ್ನು ಮೋಸಂಬಿ ಹಿಡಿದು ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸಾರ್, ಬೀರುನ್ಯಾಗ ಭೂಮಿ ಐತಲ್ರೀ?” ಎಂದಳು. ಗದರಿಸಿ ಕೂರಿಸಿದೆ.

ವರ್ಗವಾದಾಗ ಚಾರ್ಜು ವಹಿಸಿಕೊಟ್ಟೆ. ಪುಸ್ತಕದಲ್ಲಿ ಬರೆದದ್ದೆಲ್ಲ ಲೆಕ್ಕಕ್ಕೆ ಸರಿಯಾಗಿತ್ತು. ಗ್ಲೋಬಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೆಯೇ ಇತ್ತು.