ಜಕಾರ್ತಾದ ಹೊಲಿಗೆ, ಯೊಕೊಹಾಮಾದ ಮಂಡಿ

ಗಾಯಗೊಂಡೂ ಮೈದಾನಕ್ಕೆ ಮರಳಿದ ಆಟಗಾರ ಅಂದ ಕೂಡಲೇ ಕನ್ನಡಿಗರ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. 2002ರ ಮೇ ತಿಂಗಳು, ಆಂಟಿಗಾ ಟೆಸ್ಟ್. ಡಿಲ್ಲನ್ ಹಾಕಿದ ಚೆಂಡು ಬಡಿದು ದವಡೆ ಮುರಿದುಕೊಂಡ ಅನಿಲ್ ಕುಂಬ್ಳೆ, ಮುಖದ ಸುತ್ತ ಬಿಳಿ ಬ್ಯಾಂಡೇಜು ಸುತ್ತಿಕೊಂಡು ಬಂದು 14 ಓವರ್ ಬೌಲಿಂಗ್ ಮಾಡಿದರು, ಲಾರಾ ವಿಕೆಟ್ಟನ್ನೂ ಕಿತ್ತರು. ಆಮೇಲೆ ಆಪರೇಷನ್ನಿಗೆಂದು ಬೆಂಗಳೂರಿಗೆ ವಿಮಾನ ಹತ್ತಿದರು. ದೆಹಲಿಯ ಕನ್ನಡಿಗರಿಗಂತೂ ಕುಂಬ್ಳೆ ಅಂದರೆ ಇನ್ನೂ ಒಂದು ಕೈ ಹೆಚ್ಚು. 1999ರ ಫೆಬ್ರುವರಿಯಲ್ಲಿ ಪಾಕಿಸ್ತಾನದ ಹತ್ತಕ್ಕೆ ಹತ್ತೂ ವಿಕೆಟ್ ತೆಗೆದದ್ದು ನಮ್ಮ ಫಿರೋಜ್ ಶಾ ಕೋಟ್ಲಾದಲ್ಲೇ ಅಲ್ಲವೇ!

ಆದರೆ ಇವತ್ತು ನಾನು ಹೇಳಹೊರಟಿರುವುದು ಕೋಟ್ಲಾದ ಕಥೆಯಲ್ಲ. ಅದರ ಪಕ್ಕದಲ್ಲೇ, ದಿಲ್ಲಿ ಗೇಟಿನ ಹತ್ತಿರ, ಅಂಬೇಡ್ಕರ್ ಸ್ಟೇಡಿಯಂ ಅಂತ ಒಂದಿದೆ. ಕ್ರಿಕೆಟ್ ಟಿಕೆಟ್ಟಿಗೆ ಕ್ಯೂ ನಿಂತವರು ಅದರ ಗೋಡೆಗೆ ಒರಗಿ ಕಡಲೆಕಾಯಿ ತಿಂದಿರುತ್ತಾರೆಯೇ ಹೊರತು ಒಳಗೆ ಹೋಗಿರುವುದಿಲ್ಲ. ಅದು ಫುಟ್‌ಬಾಲಿನ ಮನೆ. ಆ ಮನೆಯ ಕಡೆಯ ಒಂದು ಕಥೆ ಇದು.

ಕುಂಬ್ಳೆ ಬ್ಯಾಂಡೇಜು ಕಟ್ಟಿಕೊಂಡ ಏಳು ವಾರಕ್ಕೆ ಸರಿಯಾಗಿ, 2002ರ ಜೂನ್ 30ರ ಭಾನುವಾರ, ಜಪಾನಿನ ಯೊಕೊಹಾಮಾದಲ್ಲಿ ವಿಶ್ವಕಪ್ ಫೈನಲ್. ಬ್ರೆಜಿಲ್ ಮತ್ತು ಜರ್ಮನಿ. ನಮ್ಮಲ್ಲಿ ಸಂಜೆ ನಾಲ್ಕೂವರೆ. ದೆಹಲಿಯ ಜೂನ್ ಅಂದರೆ ಗೊತ್ತಲ್ಲ, ಕೂಲರಿಗೆ ನೀರು ಹಾಕಿದಷ್ಟೂ ಸಾಲದು. ನಮ್ಮ ಮಯೂರ್ ವಿಹಾರದ ಬ್ಲಾಕಿನಲ್ಲಿ ಇನ್ವರ್ಟರ್ ಇದ್ದದ್ದು ಒಂದು ಮನೆಯಲ್ಲಿ, ಅದೊಬ್ಬ ನಿವೃತ್ತ ಬಂಗಾಲಿ ಯಜಮಾನರದು. ಕರೆಂಟು ಹೋದರೂ ಪಂದ್ಯ ತಪ್ಪಬಾರದೆಂದು ನಾವು ಏಳೆಂಟು ಜನ ಅವರ ಹಾಲಿನಲ್ಲಿ ಜಮಾಯಿಸಿದ್ದೆವು. ದಾದಾ ಬ್ರೆಜಿಲ್ ಭಕ್ತರು ಅಂತ ಬೇರೆ ಹೇಳಬೇಕಿಲ್ಲ. ಅರ್ಧ ಕಲ್ಕತ್ತಾವೇ ಬ್ರೆಜಿಲ್ ಭಕ್ತ.

ನಾವೆಲ್ಲ ಕಾಯುತ್ತಿದ್ದದ್ದು ಒಬ್ಬನಿಗಾಗಿ. ರೊನಾಲ್ಡೊ. (ಈಗಿನ ಹುಡುಗರಿಗೆ ರೊನಾಲ್ಡೊ ಅಂದರೆ ಪೋರ್ಚುಗಲ್ಲಿನವನು. ನಾನು ಹೇಳುತ್ತಿರುವುದು ಬ್ರೆಜಿಲ್ಲಿನವನನ್ನು.) ಅವನ ಹಿಂದಿನ ನಾಲ್ಕು ವರ್ಷ ಗೊತ್ತಿದ್ದವರಿಗೆ ಆ ಸಂಜೆ ಎದೆ ಹೊಡೆದುಕೊಳ್ಳದೆ ಇರಲು ಸಾಧ್ಯವಿರಲಿಲ್ಲ. 1998ರ ಫೈನಲ್ಲಿನ ದಿನವೇ ಅವನಿಗೆ ಫಿಟ್ಸ್ ಬಂದು, ಆದರೂ ಮೈದಾನಕ್ಕಿಳಿದು, ನೆರಳಿನ ಹಾಗೆ ಓಡಾಡಿ ಬ್ರೆಜಿಲ್ ಸೋತಿತು. 1999ರ ನವೆಂಬರಿನಲ್ಲಿ ಇಟಲಿಯಲ್ಲಿ ಇಂಟರ್ ಪರ ಆಡುವಾಗ ಬಲಮಂಡಿಯ ಸ್ನಾಯುಬಂಧ ಹರಿಯಿತು. ಆಪರೇಷನ್ ಆಗಿ, ಐದು ತಿಂಗಳು ಕಾದು, 2000ದ ಏಪ್ರಿಲ್ 12ರಂದು ರೋಮಿನಲ್ಲಿ ಲಾತ್ಸಿಯೊ ವಿರುದ್ಧ ಬದಲಿ ಆಟಗಾರನಾಗಿ ಇಳಿದ. ಇಳಿದು ಆರೇಳು ನಿಮಿಷ ಆಗಿತ್ತಷ್ಟೇ. ಚೆಂಡಿನ ಮೇಲೆ ಕಾಲಾಡಿಸುತ್ತ ಮುಂದೆ ಹೋದವನು ಯಾರೂ ಮುಟ್ಟದೆ ಕುಸಿದು ಬಿದ್ದ. ಅದೇ ಮಂಡಿ. ಈ ಸಲ ಚಿಪ್ಪಿನ ಕೆಳಗಿನ ಸ್ನಾಯುಬಂಧ ಪೂರ್ತಿ ಹರಿದಿತ್ತು. ಅವನು ಮಂಡಿ ಹಿಡಿದು ಕಿರುಚಿದ ದೃಶ್ಯ ನೋಡಿದವರು ಇನ್ನೊಮ್ಮೆ ನೋಡಲು ಇಷ್ಟಪಡುವುದಿಲ್ಲ.

ಪ್ಯಾರಿಸ್ಸಿನ ಪ್ರೊಫೆಸರ್ ಜೆರಾರ್ ಸಯ್ಯಾಂ ಎರಡನೇ ಸಲವೂ ಕತ್ತರಿ ಹಿಡಿದರು. ಮುಂದಿನ ಋತುವಿನಲ್ಲಿ ಅವನು ಒಂದೂ ಲೀಗ್ ಪಂದ್ಯ ಆಡಲಿಲ್ಲ. ಫಿಸಿಯೋಥೆರಪಿಸ್ಟ್ ಒಬ್ಬರನ್ನು ಪಕ್ಕದಲ್ಲಿಟ್ಟುಕೊಂಡು ಮಂಡಿಯನ್ನು ಮತ್ತೆ ಮಡಚಲು ಕಲಿತ. ಇನ್ನು ಮುಗಿಯಿತು ಎಂದು ಬರೆದವರು ಬಹಳ ಜನ. ಕೋಚ್ ಸ್ಕೊಲಾರಿ ಮಾತ್ರ ರೊಮಾರಿಯೊನನ್ನು ಬಿಟ್ಟು ಇವನನ್ನು ಕರೆದುಕೊಂಡು ಹೋದರು. ಟೂರ್ನಿಯ ಏಳು ಪಂದ್ಯಗಳಲ್ಲಿ ಎಂಟು ಗೋಲು. ಫೈನಲ್ಲಿನಲ್ಲಿ 67ನೇ ನಿಮಿಷಕ್ಕೆ ಒಲಿವರ್ ಕಾನ್ ಕೈಯಿಂದ ಜಾರಿದ ಚೆಂಡನ್ನು ಒಳಗೆ ತಳ್ಳಿದ, 79ನೇ ನಿಮಿಷಕ್ಕೆ ಇನ್ನೊಂದು. 2-0. ಹಣೆಯ ಮೇಲೆ ತ್ರಿಕೋನದಷ್ಟು ಕೂದಲು ಬಿಟ್ಟುಕೊಂಡ ಆ ಹುಡುಗ (ಆಗ ಅವನಿಗೆ ಬರೀ 25!) ನಗುವುದನ್ನು ನೋಡಿ ದಾದಾ ಅವರ ಹಾಲಿನಲ್ಲಿ ನಾವು ಕುಣಿದದ್ದೇ ಕುಣಿದದ್ದು.

ದಾದಾ ಮಾತ್ರ ಕುಣಿಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ನೋಡಿ ರಾವ್ ಸಾಬ್, ಇವನು ಬಹಳ ದೊಡ್ಡವನು, ಒಪ್ಪಿದೆ. ಆದರೆ ನಮ್ಮ ಜರ್ನೈಲ್ ಆರು ಹೊಲಿಗೆ ಹಾಕಿಸಿಕೊಂಡು ಏಷ್ಯಾ ಗೆದ್ದುಕೊಟ್ಟ. ಅದನ್ನು ನೋಡಿದವರು ಯಾರಿದ್ದಾರೆ ಹೇಳಿ?" ಅಂದರು. ನನಗೆ ಜರ್ನೈಲ್ ಸಿಂಗ್ ಅನ್ನುವ ಹೆಸರು ಮಾತ್ರ ಗೊತ್ತಿತ್ತು. ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ, ಸಿಕ್ಕವರನ್ನೆಲ್ಲ ಕೇಳಿದೆ. ಅದರ ಸಾರ ಇಲ್ಲಿದೆ.

1962, ಜಕಾರ್ತಾ, ನಾಲ್ಕನೇ ಏಷ್ಯನ್ ಗೇಮ್ಸ್. ಮೊದಲನೆಯದು ನಮ್ಮ ದೆಹಲಿಯಲ್ಲೇ 1951ರಲ್ಲಿ ನಡೆದಿತ್ತು. ನ್ಯಾಷನಲ್ ಸ್ಟೇಡಿಯಮ್ಮಿನಲ್ಲಿ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನನ್ನು ಸೋಲಿಸಿ ಭಾರತ ಚಿನ್ನ ಗೆದ್ದಿತ್ತು. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಅಹಮದ್ ಖಾನ್ ಇದ್ದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬರಿಗಾಲಲ್ಲಿ ಆಡಿ ಇಂಗ್ಲಿಷರನ್ನು ಬೆರಗುಗೊಳಿಸಿದವರಲ್ಲಿ ಅವರೂ ಒಬ್ಬರು. 1962ರ ತಂಡದಲ್ಲೂ ಬೆಂಗಳೂರಿನ ಅರುಮೈನಾಯಗಂ ಇದ್ದರು. ಹೀಗಾಗಿ ಇದು ಬಂಗಾಲಿಗಳ, ಹೈದರಾಬಾದಿಗಳ, ಪಂಜಾಬಿಗಳ ಕಥೆ ಮಾತ್ರ ಎಂದು ದೂರ ನಿಲ್ಲಬೇಕಿಲ್ಲ.

ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಎಲ್ಲರ ಬಾಯಲ್ಲಿ ರಹೀಂ ಸಾಬ್. ಅಷ್ಟರಲ್ಲಾಗಲೇ ಅವರ ದೇಹವನ್ನು ಕ್ಯಾನ್ಸರ್ ತಿನ್ನುತ್ತಿತ್ತು. ಜರ್ನೈಲ್ ಸಿಂಗ್ ತಂಡದ ಸ್ಟಾಪರ್, ಅಂದರೆ ಗೋಲಿನ ಮುಂದೆ ಗೋಡೆಯ ಹಾಗೆ ನಿಲ್ಲುವ ಡಿಫೆಂಡರ್. 1936ರಲ್ಲಿ ಲಯಾಲ್ಪುರದಲ್ಲಿ ಹುಟ್ಟಿದವರು. ಆ ಊರು ಆಮೇಲೆ ಪಾಕಿಸ್ತಾನಕ್ಕೆ ಸೇರಿತು. ವಿಭಜನೆಯ ಹೊತ್ತಿಗೆ ಈ ಕಡೆಗೆ ಬಂದು, ಹೋಶಿಯಾರ್‌ಪುರದ ಕಡೆ ಮಾಹಿಲ್‌ಪುರದ ಖಾಲ್ಸಾ ಕಾಲೇಜಿನಲ್ಲಿ ಆಡಿ, ಹೊಟ್ಟೆಪಾಡಿಗೂ ಆಟಕ್ಕೂ ಕಲ್ಕತ್ತಾ ಸೇರಿ ಮೋಹನ್ ಬಗಾನಿನ ಕಣ್ಮಣಿಯಾದವರು. ಊರು ಬಿಟ್ಟು ಊರು ಸೇರಿದ ನಮ್ಮಂಥವರಿಗೆ ಈ ದಾರಿ ಅಪರಿಚಿತವಲ್ಲ, ಆದರೆ ಅವರದು ನಮ್ಮದಕ್ಕಿಂತ ಬಹಳ ಕಷ್ಟದ ದಾರಿ.

ಮೊದಲ ಪಂದ್ಯದಲ್ಲೇ ಭಾರತ ದಕ್ಷಿಣ ಕೊರಿಯಾಕ್ಕೆ 0-2ರಿಂದ ಸೋತಿತು. ಎರಡನೇ ಪಂದ್ಯ ಥಾಯ್ಲೆಂಡ್ ಮೇಲೆ. 4-1 ಗೆಲುವೇನೋ ಸಿಕ್ಕಿತು, ಆದರೆ ಜರ್ನೈಲ್ ತಲೆಗೆ ಬಲವಾದ ಪೆಟ್ಟು ಬಿತ್ತು. ಆರು ಹೊಲಿಗೆ. ಇಲ್ಲಿ ಒಂದು ಮಾತು ನೆನಪಿಡಬೇಕು. ಆ ಕಾಲದ ದೊಡ್ಡ ಪಂದ್ಯಗಳಲ್ಲಿ ಬದಲಿ ಆಟಗಾರನನ್ನು ಇಳಿಸುವ ಪದ್ಧತಿಯೇ ಇರಲಿಲ್ಲ. ವಿಶ್ವಕಪ್ಪಿನಲ್ಲಿ ಅದು ಬಂದದ್ದು 1970ರಲ್ಲಿ. ಒಬ್ಬ ಬಿದ್ದರೆ ಉಳಿದ ಹತ್ತು ಜನ ಆಡಬೇಕು, ಇಲ್ಲವೇ ಬಿದ್ದವನೇ ಕುಂಟುತ್ತ ಆಡಬೇಕು. ಅಂಥ ಗಾಯಾಳುವನ್ನು ಮುಂದಿನ ಸಾಲಿಗೆ ಕಳಿಸಿಬಿಡುವುದು ಎಲ್ಲ ದೇಶಗಳಲ್ಲೂ ಇದ್ದ ರೂಢಿ. ಹಿಂದೆ ನಿಂತು ತಪ್ಪು ಮಾಡಿದರೆ ಗೋಲು ಬೀಳುತ್ತದೆ, ಮುಂದೆ ನಿಂತು ತಪ್ಪು ಮಾಡಿದರೆ ಚೆಂಡು ಹೋಗುತ್ತದೆ, ಅಷ್ಟೇ ಎನ್ನುವ ಲೆಕ್ಕ.

ಜಪಾನ್ ಮೇಲಿನ ಪಂದ್ಯದಲ್ಲಿ ಜರ್ನೈಲ್ ಹೊರಗೆ ಕುಳಿತರು. ಅವರಿಲ್ಲದ ಡಿಫೆನ್ಸನ್ನು ಅರುಣ್ ಘೋಷ್ ಚೆನ್ನಾಗಿ ನೋಡಿಕೊಂಡರು, ಭಾರತ 2-0ಯಿಂದ ಗೆದ್ದಿತು. ಈಗ ಸೆಮಿಫೈನಲ್, ದಕ್ಷಿಣ ವಿಯೆಟ್ನಾಮ್ ಎದುರು. ಜರ್ನೈಲ್ ಆಡುತ್ತೇನೆ ಅನ್ನುತ್ತಾರೆ. ಆದರೆ ಹೊಲಿಗೆ ಹಾಕಿದ ತಲೆಯನ್ನು ಗೋಲಿನ ಮುಂದೆ ನಿಲ್ಲಿಸಿ, ಹಾರಿ ಬರುವ ಚೆಂಡಿಗೆಲ್ಲ ಒಡ್ಡುವುದು ಹೇಗೆ? ಕೂಡಿಬಂದ ಡಿಫೆನ್ಸನ್ನು ಮತ್ತೆ ಕದಲಿಸುವುದು ಯಾಕೆ? ರಹೀಂ ಸಾಬ್ ಅವರನ್ನು ಸೆಂಟರ್ ಫಾರ್ವರ್ಡ್ ಮಾಡಿಬಿಟ್ಟರು! ಸ್ಟಾಪರ್ ಹೋಗಿ ಸ್ಟ್ರೈಕರ್ ಆದ. ರೂಢಿಯಲ್ಲಿ ಅದು ಗಾಯಾಳುವನ್ನು ಬಚ್ಚಿಡುವ ಜಾಗ. ರಹೀಂ ಅದನ್ನೇ ಆಯುಧ ಮಾಡಿದರು. ಎದುರಾಳಿ ಡಿಫೆಂಡರುಗಳಿಗೆ ಚುನಿ ಗೋಸ್ವಾಮಿ, ಪಿ.ಕೆ. ಬ್ಯಾನರ್ಜಿ, ಬಲರಾಂ ಅಂಥವರನ್ನು ಕಾಯುವುದೇ ಸಾಕಾಗಿತ್ತು. ಅವರ ನಡುವೆ ಈ ಆಳೆತ್ತರದ ಸರದಾರ ನುಗ್ಗಿದರೆ ಯಾರನ್ನು ಹಿಡಿಯುವುದು? 3-2 ಗೆಲುವು. ಚುನಿ ಎರಡು ಗೋಲು, ಜರ್ನೈಲ್ ಒಂದು.

ಸೆಪ್ಟೆಂಬರ್ 4. ಫೈನಲ್. ಎದುರಿಗೆ ಮತ್ತದೇ ದಕ್ಷಿಣ ಕೊರಿಯಾ. ಸೆನಯಾನ್ ಸ್ಟೇಡಿಯಮ್ಮಿನಲ್ಲಿ ಸುಮಾರು ಒಂದು ಲಕ್ಷ ಜನ, ಬಹುತೇಕ ಎಲ್ಲರೂ ಭಾರತದ ವಿರುದ್ಧ. ಕಾರಣ ಆಟವಲ್ಲ. ಇಂಡೋನೇಷ್ಯಾ ಸರ್ಕಾರ ಇಸ್ರೇಲ್ ಮತ್ತು ತೈವಾನ್ ಆಟಗಾರರಿಗೆ ಬರಲು ಬಿಟ್ಟಿರಲಿಲ್ಲ. ಹಾಗಿದ್ದ ಮೇಲೆ ಇದನ್ನು ಏಷ್ಯನ್ ಗೇಮ್ಸ್ ಎಂದು ಕರೆಯುವುದು ಹೇಗೆ ಎಂದು ನಮ್ಮ ಜಿ.ಡಿ. ಸೋಂಧಿ ಆಕ್ಷೇಪಿಸಿದ್ದರು. ಜನ ರೊಚ್ಚಿಗೆದ್ದು ಭಾರತದ ರಾಯಭಾರ ಕಚೇರಿಗೇ ನುಗ್ಗಿದ್ದರು. ನಮ್ಮ ಆಟಗಾರರ ಬಸ್ಸಿನ ಗುರುತು ಮರೆಮಾಡಬೇಕಾಯಿತು, ಸರದಾರರ ತಲೆ ಕಿಟಕಿಯಲ್ಲಿ ಕಾಣಬಾರದೆಂದು ಜರ್ನೈಲ್ ಬಗ್ಗಿ ಕೂರಬೇಕಾಯಿತು ಎಂದು ಆಮೇಲೆ ಜೊತೆಯವರು ಹೇಳಿಕೊಂಡಿದ್ದಾರೆ. ಆ ಮೈದಾನದಲ್ಲಿ ಭಾರತಕ್ಕಾಗಿ ಕೂಗಿದವರು ಯಾರು ಗೊತ್ತೇ? ಪಾಕಿಸ್ತಾನದ ಹಾಕಿ ಆಟಗಾರರು! ಇದನ್ನು ಪಿ.ಕೆ. ಬ್ಯಾನರ್ಜಿ ಬದುಕಿರುವವರೆಗೂ ನೆನೆಯುತ್ತಿದ್ದರು.

17ನೇ ನಿಮಿಷಕ್ಕೆ ಪಿ.ಕೆ. ಗೋಲು ಹೊಡೆದರು. 20ನೇ ನಿಮಿಷಕ್ಕೆ ಜರ್ನೈಲ್ ಸಿಂಗ್. ಅಲ್ಲಿಂದ ಮುಂದೆ ಗಟ್ಟಿಯಾಗಿ ಹಿಡಿದು ನಿಂತರು. ಜ್ವರದಿಂದ ಎದ್ದು ಬಂದ ಪೀಟರ್ ತಂಗರಾಜ್ ಗೋಲಿನಲ್ಲಿ, ಕಾಲ್ಬೆರಳಿಗೆ ಪೆಟ್ಟಾಗಿದ್ದ ತ್ರಿಲೋಕ್ ಸಿಂಗ್ ಡಿಫೆನ್ಸಿನಲ್ಲಿ, ಹೊಲಿಗೆಯ ಜರ್ನೈಲ್ ಮುಂದೆ, ಕ್ಯಾನ್ಸರಿನ ರಹೀಂ ಸಾಬ್ ಗೆರೆಯಾಚೆ. ಆಟದ ತಂಡವೋ ಆಸ್ಪತ್ರೆಯ ವಾರ್ಡೋ! ಕೊನೆಗಳಿಗೆಯಲ್ಲಿ ಕೊರಿಯಾ ಒಂದು ಗೋಲು ತೀರಿಸಿತು. 2-1. ಭಾರತಕ್ಕೆ ಚಿನ್ನ. ಏಷ್ಯನ್ ಗೇಮ್ಸ್ ಫುಟ್‌ಬಾಲಿನಲ್ಲಿ ಅದೇ ನಮ್ಮ ಕೊನೆಯ ಚಿನ್ನ. 1963ರ ಜೂನಿನಲ್ಲಿ ರಹೀಂ ಸಾಬ್ ತೀರಿಕೊಂಡರು. ಜರ್ನೈಲ್ 1964ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು, ಭಾರತದ ನಾಯಕರಾದರು. 2000ದ ಅಕ್ಟೋಬರಿನಲ್ಲಿ ದೂರದ ಕೆನಡಾದಲ್ಲಿ ಕಣ್ಣು ಮುಚ್ಚಿದರು. ದಾದಾ ನನಗೆ ಅವರ ಹೆಸರು ಹೇಳುವ ಹೊತ್ತಿಗೆ ಅವರು ಹೋಗಿ ಎರಡು ವರ್ಷವೂ ತುಂಬಿರಲಿಲ್ಲ.

ಈ ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನನಗೆ ಅನ್ನಿಸುವುದು ಇಷ್ಟು. ಧೈರ್ಯದಲ್ಲಿ ಯಾರು ಹೆಚ್ಚು ಅನ್ನುವ ಜಗಳ ಬೇಡ. ರೊನಾಲ್ಡೊ ಮರಳಿದ್ದು ಎರಡು ವರ್ಷ ಕಾದು. ಹಿಂದೆ ಯೂರೋಪಿನ ಶ್ರೀಮಂತ ಕ್ಲಬ್ಬು, ಹೆಸರಾಂತ ಸರ್ಜನ್, ನಂಬಿಕೆ ಬಿಡದ ಕೋಚ್ ಇದ್ದರು. ಜರ್ನೈಲ್ ಮರಳಿದ್ದು ನಾಲ್ಕೈದು ದಿನದಲ್ಲಿ. ಅವರ ಹಿಂದೆ ಇದ್ದದ್ದು ಸೂಜಿ, ದಾರ, ಮತ್ತು ರಹೀಂ ಸಾಬರ ತಲೆ. ಇಬ್ಬರ ಕಥೆಯಲ್ಲೂ ಗಾಯಾಳುವಿನ ಮೇಲೆ ನಂಬಿಕೆಯಿಟ್ಟ ಒಬ್ಬ ಮನುಷ್ಯ ಇದ್ದಾನೆ, ಅವನನ್ನು ನಾವು ಬೇಗ ಮರೆಯುತ್ತೇವೆ.

ಇನ್ನೊಂದು ಮಾತು. ತಲೆಗೆ ಪೆಟ್ಟು ಬಿದ್ದವನನ್ನು ಅದೇ ವಾರ ಆಡಿಸುವುದು ಇವತ್ತಿನ ವೈದ್ಯರ ಪ್ರಕಾರ ಅಪಾಯದ ಕೆಲಸ. ಮೆದುಳಿಗೆ ಪೆಟ್ಟಾದ ಅನುಮಾನ ಇದ್ದರೆ ಹೆಚ್ಚುವರಿಯಾಗಿ ಒಬ್ಬ ಬದಲಿ ಆಟಗಾರನನ್ನು ಇಳಿಸಲು 2024ರಲ್ಲಿ ಫುಟ್‌ಬಾಲಿನ ನಿಯಮಪುಸ್ತಕದಲ್ಲೇ ಅವಕಾಶ ಮಾಡಿದ್ದಾರೆ. ಒಳ್ಳೆಯದೇ ಆಯಿತು. ಜರ್ನೈಲರನ್ನು ಹೊಗಳುವ ಭರದಲ್ಲಿ ನಮ್ಮ ಮಕ್ಕಳಿಗೆ "ನೋಡು, ಹೊಲಿಗೆ ಹಾಕಿಸಿಕೊಂಡೂ ಆಡಿದರು" ಎಂದು ಉಪದೇಶ ಮಾಡುವುದು ಬೇಡ. ನಮ್ಮ ಸೊಸೈಟಿಯಲ್ಲೇ ಒಬ್ಬ ಹುಡುಗ, ಒಳ್ಳೆಯ ಫಾರ್ವರ್ಡ್, ಕಾಲೇಜು ಪಂದ್ಯದಲ್ಲಿ ಮಂಡಿಯ ಲಿಗಮೆಂಟು ಹರಿದುಕೊಂಡ. ಆಪರೇಷನ್ನಿಗೆ ಮನೆಯವರು ಸಾಲ ಮಾಡಿದರು, ಮಂಡಿ ಸರಿಹೋಯಿತು. ಆಟಕ್ಕೆ ಮಾತ್ರ ಮರಳಲಿಲ್ಲ, ಕೆಲಸ ಹುಡುಕುವ ವಯಸ್ಸು ಬಂದುಬಿಟ್ಟಿತ್ತು. ಮರಳಿ ಬಂದವರ ಹೆಸರು ಚರಿತ್ರೆಯಲ್ಲಿ ಉಳಿಯುತ್ತದೆ. ಮರಳದವರು ನಮ್ಮ ನಿಮ್ಮ ಮೆಟ್ಟಿಲಿನಲ್ಲೇ ಸಿಗುತ್ತಾರೆ.

ಯೊಕೊಹಾಮಾದ ಎರಡು ಗೋಲನ್ನು ಇವತ್ತೂ ಯಾರು ಬೇಕಾದರೂ ಮೊಬೈಲಿನಲ್ಲಿ ನೋಡಬಹುದು. ಜಕಾರ್ತಾದ ಗೋಲು ಹಾಗಲ್ಲ, ಅದು ಉಳಿದದ್ದು ಹೆಚ್ಚಾಗಿ ಬಾಯಿಮಾತಿನಲ್ಲಿ. 2024ರಲ್ಲಿ ಅಜಯ್ ದೇವಗನ್ ರಹೀಂ ಸಾಬ್ ಆಗಿ ನಟಿಸಿದ 'ಮೈದಾನ್' ಸಿನಿಮಾ ಬಂದ ಮೇಲೆ ಈ ಕಥೆ ಒಂದಷ್ಟು ಹುಡುಗರಿಗೆ ತಲುಪಿತು ಅನ್ನುವುದೇ ಸಮಾಧಾನ. ಅಂಬೇಡ್ಕರ್ ಸ್ಟೇಡಿಯಮ್ಮಿಗೂ ಒಂದು ದಿನ ಬಂದಿತ್ತು. 2008ರ ಆಗಸ್ಟ್ 13ರಂದು ಎಎಫ್‌ಸಿ ಚಾಲೆಂಜ್ ಕಪ್ ಫೈನಲ್ಲಿನಲ್ಲಿ ತಜಿಕಿಸ್ತಾನದ ಮೇಲೆ 4-1, ಸುನಿಲ್ ಛೇತ್ರಿಯ ಹ್ಯಾಟ್ರಿಕ್. ಇದೇ ದೆಹಲಿಯಲ್ಲಿ ಆಡಿ ಬೆಳೆದ ಆ ಹುಡುಗ ಮುಂದೆ ಬೆಂಗಳೂರಿನ ಮನೆಮಗನಾದ.

ದೆಹಲಿಯಲ್ಲೋ ನೋಯ್ಡಾದಲ್ಲೋ ಗುರ್‌ಗಾಂವಿನಲ್ಲೋ ಇರುವ ಕನ್ನಡಿಗರೇ, ಬೆಂಗಳೂರಿನ ಆಸ್ಟಿನ್ ಟೌನ್, ಹಲಸೂರು ಕಡೆ ನಿಮ್ಮ ಅಜ್ಜನೋ ದೊಡ್ಡಪ್ಪನೋ ಇದ್ದರೆ, ಮುಂದಿನ ಸಲ ಊರಿಗೆ ಹೋದಾಗ ಅಹಮದ್ ಖಾನ್, ಅರುಮೈನಾಯಗಂ ಹೆಸರೆತ್ತಿ ನೋಡಿ. ಕಾಫಿ ಆರುವವರೆಗೂ ಮಾತಾಡುತ್ತಾರೆ. ಅವರು ಹೇಳಿದ್ದನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ. ನೋಡಿದ ಕಣ್ಣುಗಳು ಇನ್ನು ಹೆಚ್ಚು ಉಳಿದಿಲ್ಲ.