ಬಿಸಿನೀರು, ಹುಲ್ಲುಬೆಂಕಿ: ಮನೆಯಂಗಳದ ಹಂದಿ ಮತ್ತು ಕನ್ನಡದ ಬರವಣಿಗೆ

ಪಾಲಕೋಡಿನ ತಮಿಳರು 'ಪನ್ನಿ' ಎನ್ನುವ ಪ್ರಾಣಿ ಅಲ್ಲಿಯ ಕನ್ನಡ ಮನೆಗಳಲ್ಲಿ 'ಹಂದಿ'. ಹಳಗನ್ನಡದಲ್ಲಿ ಅದು 'ಪಂದಿ'. ಕೊಡವ ತಕ್ಕಿನಲ್ಲಿ ಇಂದಿಗೂ 'ಪಂದಿ', ತುಳುವಿನಲ್ಲಿ 'ಪಂಜಿ'. ಪದಾದಿಯ ಪಕಾರ ಹಕಾರವಾದ ಕಥೆಯನ್ನು ಒಂದೇ ಬೀದಿಯಲ್ಲಿ ನಿಂತು ಕೇಳಬಹುದು. ಧರ್ಮಪುರಿಯಲ್ಲಿ ನೊಳಂಬ ಮಹೇಂದ್ರನ ಕಾಲದ, 9ನೆಯ ಶತಮಾನದ ಕನ್ನಡ ಶಾಸನಗಳೇ ಇರುವುದರಿಂದ ಈ ಸೀಮೆಯ ಕನ್ನಡದ ಹಳಮೆಗೂ ಬೇರೆ ಸಾಕ್ಷಿ ಬೇಕಿಲ್ಲ. ಪದದ ಚರಿತ್ರೆ ಹೀಗೆ ಸಲೀಸಾಗಿ ಕೈಗೆ ಸಿಗುತ್ತದೆ. ಹಂದಿಯನ್ನು ಮನೆಯಲ್ಲಿ ಕೊಯ್ದು ಹಸನು ಮಾಡುವ ಕೆಲಸದ ಚರಿತ್ರೆ ಹಾಗೆ ಸಿಗುವುದಿಲ್ಲ.

ಕನ್ನಡದ ಬರವಣಿಗೆಯಲ್ಲಿ ಹಂದಿ ಇಲ್ಲವೆಂದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ (ಸು. 949-50) ಮಣಲೆರನ ಕಾಳಿಯೆಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತುದನ್ನು ದಾಖಲಿಸುತ್ತದೆ, ಕಲ್ಲಿನ ಮೇಲೆ ಎರಡರ ಶಿಲ್ಪವೂ ಇದೆ. ಆದರೆ ಅದು ಬೇಟೆಯ ಹಂದಿ, ವೀರಕ್ಕೆ ಒದಗಿದ ಹಂದಿ. ಅಡುಗೆಯ ಗ್ರಂಥಗಳ ಕಡೆಗೆ ತಿರುಗಿದರೆ, 11ನೆಯ ಶತಮಾನದ ಎರಡನೆಯ ಚಾವುಂಡರಾಯನ 'ಲೋಕೋಪಕಾರ'ದ ಪಾಕಭಾಗವೂ 16ನೆಯ ಶತಮಾನದ ಆದಿಯ ಜೈನಕವಿ ಮೂರನೆಯ ಮಂಗರಸನ 'ಸೂಪಶಾಸ್ತ್ರ'ವೂ ಸಸ್ಯಾಹಾರವನ್ನೇ ಹೇಳುತ್ತವೆ. ಇವನ್ನು ಮಾತ್ರ ನಂಬಿದರೆ ಕನ್ನಡಿಗರು ಹಂದಿಯನ್ನು ಓಡಿಸಿದ್ದರು, ತಿಂದಿರಲಿಲ್ಲ ಎಂದೇ ಭಾವಿಸಬೇಕಾಗುತ್ತದೆ.

ಈ ಕೊರತೆಯನ್ನು ತುಂಬುವುದು ಕನ್ನಡ ನಾಡಿನ ಅರಸನೊಬ್ಬನ ಸಂಸ್ಕೃತ ಗ್ರಂಥ. ಕಲ್ಯಾಣ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' (ಸು. 1129-31) ಅನ್ನಭೋಗದ ಪ್ರಕರಣದಲ್ಲಿ ಹಂದಿಯ ಕೂದಲು ತೆಗೆಯಲು ಎರಡು ವಿಧಾನಗಳನ್ನು ಕೊಡುತ್ತದೆ. ಒಂದು, ಹಂದಿಗೆ ಬಿಳಿ ಬಟ್ಟೆ ಹೊದಿಸಿ, ಬೇರು ಸಡಿಲವಾಗುವ ತನಕ ಮೇಲಿಂದ ಕುದಿನೀರು ಸುರಿಯುವುದು. ಬಟ್ಟೆ ಶಾಖವನ್ನು ಹಿಡಿದಿಡುತ್ತದೆ, ನೀರು ಹರಿದುಹೋಗದಂತೆ ತಡೆಯುತ್ತದೆ. ಇನ್ನೊಂದು, ಮೈಗೆ ಮಣ್ಣು ಮೆತ್ತಿ ಹುಲ್ಲಿನ ಬೆಂಕಿಯಲ್ಲಿ ಸುಡುವುದು. ಬಳಿಕ ತಾಳೆಗರಿಯಂತೆ ಸೀಳಿದ ತುಂಡುಗಳ ಪ್ರಸ್ತಾಪ ಬರುತ್ತದೆ. ಅರಮನೆಯ ಭೋಗವೆಂಬ ಹೆಸರಿನಲ್ಲಿ ಇಲ್ಲಿ ಬರೆದಿಟ್ಟಿರುವುದು ಕೊಯ್ಯುವವನ ಕೈಯ ಅರಿವು. ಬಟ್ಟೆಯ ಉಪಾಯವನ್ನು ಅರಸ ಕಂಡುಹಿಡಿದನೆಂದು ನನಗಂತೂ ಅನ್ನಿಸುವುದಿಲ್ಲ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಟುಕರ ಬೀದಿಗಳಲ್ಲಿ ಬಲು ಬಿಳುಪಾದ, ಶುಭ್ರವಾದ ಹಂದಿಗಳಿದ್ದವೆಂದೂ ಒಂದರ ಬೆಲೆ ನಾಲ್ಕೈದು ಹಣವೆಂದೂ ಬರೆದಿದ್ದಾನೆ. ಆ ಬಿಳುಪು ಬಿಸಿನೀರಿನದಿರಬಹುದೆಂಬುದು ನನ್ನ ಊಹೆ. ಬೆಂಕಿಯಲ್ಲಿ ಸುಟ್ಟ ತೊಗಲು ಕಂದಾಗಿ ಬಿಗಿಯುತ್ತದೆ.

ಹಳ್ಳಿಯ ಅಂಗಳದಲ್ಲಿ ಉಳಿದದ್ದು ಹೆಚ್ಚಾಗಿ ಎರಡನೆಯ ವಿಧಾನ. ಒಣಹುಲ್ಲನ್ನೋ ತೆಂಗಿನ ಗರಿಯನ್ನೋ ಹೊತ್ತಿಸಿ, ಹೊರಳಿಸುತ್ತ ಸುಟ್ಟು, ಕತ್ತಿಯಿಂದ ಹೆರೆದು, ನೀರು ಹೊಯ್ದು ತೊಳೆದು, ಅರಿಸಿನ ಉಜ್ಜುತ್ತಾರೆ. ತೊಗಲನ್ನು ಸುಲಿಯುವುದಿಲ್ಲ, ಅದು ಕೊಬ್ಬಿನ ಪದರದೊಡನೆ ಮಾಂಸಕ್ಕೇ ಸೇರಿದ್ದು. ಆಡು ಕುರಿಗಳಿಗಿಂತ ಈ ಕೆಲಸ ಬೇರೆಯಾಗುವುದು ಇಲ್ಲಿಯೇ. ಕೊಬ್ಬು ಕರಗುವುದರಿಂದ ಪಾತ್ರೆಗೆ ಬೇರೆ ಎಣ್ಣೆ ಬೇಕಾಗದು. ಒಂದು ಮನೆ ಒಂದು ಹಂದಿಯನ್ನು ತಿಂದು ಮುಗಿಸಲಾರದು, ಮಾಂಸ ಬಿಸಿಲಿಗೆ ನಿಲ್ಲದು. ಹಾಗಾಗಿ ಹಂಚಿಕೆಯೂ ಈ ಕೆಲಸದ ಭಾಗವೇ. ಮೈಸೂರು ಸೀಮೆಯಲ್ಲಿ ಸಮನಾಗಿ ಗುಡ್ಡೆ ಹಾಕುವುದರಿಂದ 'ಗುಡ್ಡೆ ಬಾಡು' ಎಂದರೆ, ತಮಿಳಿನಲ್ಲಿ ಅದೇ ಗುಡ್ಡೆ 'ಕೂರು'.

ಸರ್ಕಾರದ ಕಾಗದಗಳು ಈ ಅಂಗಳವನ್ನು ಅಷ್ಟಾಗಿ ನೋಡುವುದಿಲ್ಲ. ಮದ್ರಾಸಿನ 1950ರ ಪ್ರಾಣಿಪಕ್ಷಿ ಬಲಿ ನಿಷೇಧ ಕಾಯಿದೆಯನ್ನು 2003ರಲ್ಲಿ ತಮಿಳುನಾಡು ಬಿಗಿಯಾಗಿ ಜಾರಿಗೆ ತರಲು ಹೊರಟಾಗ ಎದ್ದ ವಿವಾದ 2004ರ ರದ್ದತಿಯಲ್ಲಿ ಮುಗಿಯಿತು. ಅಲ್ಲಿ ಚರ್ಚೆಗೆ ಬಂದದ್ದು ಗುಡಿಯ ಮುಂದಿನ ಬಲಿ. 2001ರ ಕೇಂದ್ರ ಕಸಾಯಿಖಾನೆ ನಿಯಮಗಳು ನಗರಸಭೆಗಳ ವ್ಯಾಪ್ತಿಯಲ್ಲಿ ಪರವಾನಗಿಯಿಲ್ಲದ ಕಡೆ ವಧೆಯನ್ನು ತಡೆದವು. ದೇವರಿಗೂ ಪೇಟೆಗೂ ಸೇರದ ಮನೆಯ ಹಂದಿ ಎರಡರ ಅಂಚಿನಲ್ಲಿ ನಿಂತಿತು. ಅದನ್ನು ಸಾಕುವವರ ಮೇಲೆ ಜಾತಿಯ ಹೀನಾಯವೂ ಇತ್ತು, ಇದೆ. ತಿನ್ನುವ ಮನೆಗಳೂ ಹೊರಗೆ ಹೇಳಿಕೊಳ್ಳಲು ಹಿಂಜರಿಯುತ್ತವೆ. ಭಾಷಾ ಸಮೀಕ್ಷೆಗೆ ಬಂದ ಅಪರಿಚಿತ ಸಂಶೋಧಕನ ಮುಂದಂತೂ ಇನ್ನಷ್ಟು.

ಪಾಲಕೋಡಿನ ಕನ್ನಡವನ್ನು ದಾಖಲಿಸುವವರು ಹಬ್ಬ, ಮದುವೆ, ಬಂಧುತ್ವದ ಪದಗಳನ್ನು ಮೊದಲು ಕೇಳುವುದು ರೂಢಿ. ಸುಡುವ, ಹೆರೆಯುವ, ಕರುಳು ತೊಳೆಯುವ, ಪಾಲು ಹಾಕುವ ಹೊತ್ತಿನ ಮಾತು ಅಂಗಳದಲ್ಲಿ ಕೆಲಸ ನಡೆಯುವಾಗ ಮಾತ್ರ ಹೊರಡುತ್ತದೆ. ಶಾಲೆಯಲ್ಲಿ ತಮಿಳು ಕಲಿತ ಮಗ ಅಂಗಡಿಯಿಂದ ಮಾಂಸವನ್ನು ಕಟ್ಟಿಸಿಕೊಂಡು ಬರುವ ಮನೆಯಲ್ಲಿ 'ಹಂದಿ' ಉಳಿಯಬಹುದು. 'ಹೆರೆ' ಎಂಬ ಕ್ರಿಯಾಪದಕ್ಕೆ ಅಲ್ಲಿ ಕೆಲಸವಿಲ್ಲ.